ತಾಯಿ ಕಾರ್ಡಿನ ಆಚೀಚಿನ ದಿನಗಳು

ಬೆಂಗಳೂರಿನ ಕೆಂಗೇರಿ, ಲಗ್ಗೆರೆ, ಸುಂಕದಕಟ್ಟೆಗಳಿಂದ ಬೆಳಗಾಗೆದ್ದು ಗಾರ್ಮೆಂಟ್ಸ್‌ಗೆ ಓಡುವ ಹೆಣ್ಣುಮಗಳಿಗೆ ಬಸಿರು ಖಾತ್ರಿಯಾಗುವಷ್ಟರಲ್ಲಿ ಎಷ್ಟೋ ಸಲ ಎರಡು ತಿಂಗಳು ಆಗಿಹೋಗಿರುತ್ತದೆ. ಆದರೆ ಮಗುವಿನ ಮಿದುಳು, ಬೆನ್ನುಹುರಿಗಳಿಗೆ ಮೂಲವಾದ ನರನಾಳ ಗರ್ಭ ನಿಂತ 28 ದಿನಗಳೊಳಗೇ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚಲು ಫೋಲಿಕ್ ಆಮ್ಲ ಬೇಕು: ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ಧರಿಸುವುದಕ್ಕೆ ಒಂದು ತಿಂಗಳು ಮೊದಲೇ ಶುರುಮಾಡಿ ಮೂರು ತಿಂಗಳು ತುಂಬುವವರೆಗೆ. ಬಸಿರನ್ನು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿದ ದಿನ ನುಂಗಿದ ಮೊದಲ ಮಾತ್ರೆ ಈ ಒಂದು ಕೆಲಸದ ಮಟ್ಟಿಗೆ ತಡವಾದದ್ದು.

ಈ ಉಪನ್ಯಾಸದ ವಾದವೂ ಇಲ್ಲಿಂದಲೇ ಹುಟ್ಟುತ್ತದೆ. ಸಮಾಜದ ಎಚ್ಚರವೆಲ್ಲ ಹೆರಿಗೆ ಕೋಣೆಯ ಸುತ್ತ ನೆರೆದಿದೆ. ಅದಕ್ಕೂ ಹಿಂದಿನ ಕೆಲವು ತಿಂಗಳು, ಆಮೇಲಿನ 42 ದಿನ ಯಾರ ಲೆಕ್ಕಕ್ಕೂ ಸರಿಯಾಗಿ ಸಿಕ್ಕಿಲ್ಲ.

ಬಸಿರಿಗೆ ಮೊದಲಿನ ಆರೋಗ್ಯದ ಯೋಚನೆ ಈ ನಾಡಿಗೆ ಹೊಸದಲ್ಲ. ಸಂತಾನ ನಿಯಂತ್ರಣಕ್ಕೆ ಸರ್ಕಾರವೇ ಚಿಕಿತ್ಸಾಲಯ ತೆರೆಯಬೇಕೆಂದು ಮೈಸೂರು ಸಂಸ್ಥಾನ 1930ರಲ್ಲೇ ಆದೇಶ ಹೊರಡಿಸಿತ್ತು. 1935ರಲ್ಲಿ ಬೆಂಗಳೂರಿನ ಕೋಟೆಯ ಬಳಿ ವಾಣಿ ವಿಲಾಸ ಆಸ್ಪತ್ರೆ ಬಂತು. ತೀರ್ಥಹಳ್ಳಿಯಲ್ಲಿ ಹುಟ್ಟಿದ ವೈದ್ಯೆ ಅನುಪಮಾ ನಿರಂಜನ (1934–1991) ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳನ್ನು ಬರೆದು, ಹೆಂಗಸರು ಪಿಸುಮಾತಿನಲ್ಲಿ ಆಡುತ್ತಿದ್ದ ವಿಷಯಗಳನ್ನು ನೇರ ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದರು.

ಪಶ್ಚಿಮ ಬೆಂಗಳೂರಿನಲ್ಲಿ ಇಂದು ಸೌಲಭ್ಯಕ್ಕೆ ಬರವಿಲ್ಲ. ವಿಜಯನಗರದವರಿಗೆ ಹೊಸಹಳ್ಳಿಯ ರೆಫರಲ್ ಆಸ್ಪತ್ರೆ, ಕಾರ್ಖಾನೆಯವರಿಗೆ ರಾಜಾಜಿನಗರದ ನೌಕರರ ರಾಜ್ಯ ವಿಮೆಯ (ಇಎಸ್‌ಐ) ಆಸ್ಪತ್ರೆ ಇವೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನಗಳ ವಂತಿಗೆ ಸಂದಿದ್ದರೆ ಇಎಸ್‌ಐ ವಿಮೆಯ ಮಹಿಳೆಗೆ ಮೊದಲೆರಡು ಹೆರಿಗೆಗೆ 26 ವಾರ ಸರಾಸರಿ ವೇತನ ಪೂರ್ತಿ ಸಿಗುತ್ತದೆ; ಅದರಲ್ಲಿ 8 ವಾರವನ್ನು ಹೆರಿಗೆಗೆ ಮೊದಲೇ ಪಡೆಯಬಹುದು. ಗರ್ಭಪಾತವಾದರೂ 6 ವಾರದ ಹಕ್ಕಿದೆ. ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಸೇರುವಾಗ ಹಳೆಯ ವಿಮಾ ಸಂಖ್ಯೆಯನ್ನೇ ಕೊಡಬೇಕು. ಹೊಸದಾಗಿ ನೋಂದಾಯಿಸಿಕೊಂಡರೆ ಹಿಂದಿನ ದಿನಗಳ ಲೆಕ್ಕ ಜೋಡಿಸಲು ಬಸುರಿ ಅಲೆಯಬೇಕಾಗುತ್ತದೆ.

ಇನ್ನು ಕಬ್ಬಿಣಾಂಶದ ಕೆಂಪು ಮಾತ್ರೆಯ ಮಾತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆ, ಅಂದರೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ. ನಾಲ್ಕನೇ ತಿಂಗಳಿನಿಂದ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ನುಂಗುವ ಕಬ್ಬಿಣಾಂಶದ ಮಾತ್ರೆ ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆ. ಆದರೂ ಎಷ್ಟೋ ಮನೆಗಳಲ್ಲಿ ಅದು ಕಾಫಿಪುಡಿ ಡಬ್ಬಿಯ ಹಿಂದೆ ಅರ್ಧಕ್ಕೇ ನಿಂತಿರುತ್ತದೆ. ವಾಕರಿಕೆ, ಮಲಬದ್ಧತೆ ಒಂದು ಕಾರಣ. ಮಲ ಕಪ್ಪಗಾದದ್ದನ್ನು ಕಂಡು ಹೆದರಿ ಬಿಟ್ಟವರೂ ಉಂಟು. ಕಪ್ಪಗಾಗುವುದು ಸಹಜ, ಅದರಿಂದ ತೊಂದರೆಯಿಲ್ಲ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ನಿಂಬೆ ಪಾನಕದ ಜೊತೆ ನುಂಗಿದರೆ ವಾಕರಿಕೆಯೂ ಕಡಿಮೆ. ಕಾಫಿ, ಟೀ ಜೊತೆ ಮಾತ್ರ ಕೂಡದು. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಬೇಕು. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಮಾತ್ರೆ ಕೊಡುವ ಕಿಟಕಿಯಲ್ಲಿ ಆ ಎರಡು ನಿಮಿಷ ಸಿಗದೇ ಹೋಗುವುದು ದೊಡ್ಡ ಲೋಪ.

ಕಾರ್ಖಾನೆಯಲ್ಲಿ ಇನ್ನೊಂದು ಸಂಕಟ. ಶೌಚಾಲಯಕ್ಕೆ ಏಳುವಂತಿಲ್ಲವೆಂದು ನೀರನ್ನೇ ಕುಡಿಯದೆ ಕೂತರೆ ಮೂತ್ರದ ಸೋಂಕು ಬರುವುದುಂಟು. ಬಸಿರಿನಲ್ಲಿ ಅದು ಮೂತ್ರಪಿಂಡಕ್ಕೆ ಏರಬಹುದು, ದಿನ ತುಂಬುವ ಮೊದಲೇ ನೋವು ಬರಬಹುದು.

ಏಳು ತುಂಬಿದ ಮೇಲೆ ಸೀಮಂತ ಮುಗಿಸಿ ಮಂಡ್ಯಕ್ಕೋ ತುಮಕೂರಿಗೋ ತವರಿಗೆ ಹೊರಡುವವರು ಬಹಳ. ಅಷ್ಟು ತಿಂಗಳು ನೋಡಿದ ವೈದ್ಯರು ಒಂದು ಕಡೆ, ಹೆರಿಗೆ ಮಾಡಿಸುವವರು ಇನ್ನೊಂದು ಕಡೆ. ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ರಕ್ತದ ಗುಂಪು, ಬಿಪಿ ದಾಖಲೆ ಇವು ಸೀರೆಗಿಂತ ಮೊದಲು ಬ್ಯಾಗಿಗೆ ಹೋಗಬೇಕು.

ಬಾಣಂತನದಲ್ಲಿ ಅಜ್ಜಿಯರ ತಿಳಿವಳಿಕೆಗೆ ಬೆಲೆಯಿದೆ. ವಿಶ್ರಾಂತಿ, ಬಿಸಿಯೂಟ, ಸಬ್ಬಸಿಗೆ ಸೊಪ್ಪು, ಅಂಟಿನುಂಡೆ, ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ, ಇವೆಲ್ಲ ಉಳಿಯಲಿ. ‘ಬಾಣಂತಿಗೆ ನೀರು ಕೊಡಬಾರದು’ ಎಂಬುದು ಮಾತ್ರ ಹೋಗಲಿ. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ, ಕೆಂಡದ ಹೊಗೆ ಹಾಕುವುದೂ ನಿಲ್ಲಲಿ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ, ಚಳಿಜ್ವರ, ಕಣ್ಣು ಮಂಜಾಗುವ ತಲೆನೋವು, ಒಂದೇ ಕಾಲಿನ ಊತ, ಇವುಗಳಲ್ಲಿ ಯಾವುದು ಕಂಡರೂ ಕಷಾಯ ಕಾಯಿಸುತ್ತ ಕೂರದೆ ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬೇಕು. ಬಸಿರಿನಲ್ಲಿ ಇಲ್ಲದ ಬಿಪಿ ಬಾಣಂತನದಲ್ಲಿ ಏರುವುದುಂಟು.

ಮನಸ್ಸಿನ ಕಾಯಿಲೆಯನ್ನು ಮಾತ್ರ ಈಗಲೂ ‘ದೃಷ್ಟಿ’ ಎಂದು ತಳ್ಳಿಹಾಕುವವರಿದ್ದಾರೆ. ಹೆರಿಗೆಯಾದ ಮೊದಲ ವಾರದ ಅಳು ತಾನಾಗಿ ಇಳಿಯುತ್ತದೆ. ಎರಡು ವಾರ ಕಳೆದರೂ ನಿದ್ದೆ, ಹಸಿವು, ಮಗುವಿನ ಮೇಲಿನ ಆಸೆ ಮರಳದಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ತಾಯಿಯನ್ನು ಮಗುವಿನಿಂದ ಅಗಲಿಸದೆ ಒಳರೋಗಿಯಾಗಿ ನೋಡಿಕೊಳ್ಳುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ 2009ರಿಂದ ನಡೆಯುತ್ತಿದೆ.

ಆಶಾ ಕಾರ್ಯಕರ್ತೆ ಹೆರಿಗೆಯಾದ 3, 7, 14, 21, 28, 42ನೇ ದಿನ ಮನೆಗೆ ಬರಬೇಕೆಂದು ನಿಯಮವಿದೆ. ವಿಳಾಸ ಬದಲಾಗುತ್ತಲೇ ಇರುವ ಬಾಡಿಗೆ ವಠಾರಗಳಲ್ಲಿ ಆಕೆ ಒಬ್ಬಳೇ ಎಷ್ಟು ಬಾಗಿಲು ತಟ್ಟಿಯಾಳು? ಆದರೆ ಆರನೇ ವಾರದ ಚುಚ್ಚುಮದ್ದಿಗೆ ಮಗುವನ್ನು ಎತ್ತಿಕೊಂಡು ತಾಯಿಯೇ ಬರುತ್ತಾಳೆ. ಅಂದು ಅದೇ ಕುರ್ಚಿಯಲ್ಲಿ ಆಕೆಯ ಬಿಪಿ, ಹಿಮೋಗ್ಲೋಬಿನ್ ನೋಡಿ, ಬಸಿರಿನಲ್ಲಿ ಸಕ್ಕರೆ ಇದ್ದವರಿಗೆ ಮತ್ತೆ ಪರೀಕ್ಷೆ ಮಾಡಿ, ನಿದ್ದೆ ಬರುತ್ತದೆಯೇ ಎಂದು ಕೇಳಿ, ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷದ ಅಂತರಕ್ಕೆ ಏನು ಬೇಕೆಂದು ಗಂಡನನ್ನೂ ಕೂರಿಸಿ ಮಾತಾಡಬೇಕು. ವಾರ್ಡಿನ ‘ನಮ್ಮ ಕ್ಲಿನಿಕ್’ನಿಂದ ಹಿಡಿದು ಬಸವೇಶ್ವರನಗರದ ಖಾಸಗಿ ಆಸ್ಪತ್ರೆಯವರೆಗೆ, ಮಗುವಿಗೆ ಲಸಿಕೆ ಹಾಕುವ ಪ್ರತಿ ಕೋಣೆಯಲ್ಲೂ ಇದು ಕಡ್ಡಾಯವಾಗಲಿ.