ವೆನಿಲ್ಲಾ ಬಳ್ಳಿಯ ಋಣ



ನಮ್ಮ ಮಲೆನಾಡಿನ ಸೀತಾಳೆಯಂತೆ ವೆನಿಲ್ಲಾ ಕೂಡ ಆರ್ಕಿಡ್ ಕುಟುಂಬಕ್ಕೆ ಸೇರಿದುದು. ಉಷ್ಣವಲಯದ ಮಳೆಕಾಡುಗಳಲ್ಲಿ ಮರವನ್ನಪ್ಪಿ ಏರುವ ಈ ಕುಲದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳುಂಟು. ಪರಿಮಳಕ್ಕೆ ಹೆಸರಾದುದು ಮೆಕ್ಸಿಕೋ ಕಡೆಯ ಬಳ್ಳಿ. ಅದನ್ನು ದೂರದೇಶಗಳಿಗೆ ಒಯ್ದು ನೆಟ್ಟವರಿಗೆ ಹೂ ದೊರೆಯಿತೇ ಹೊರತು ಕಾಯಿ ದೊರೆಯಲಿಲ್ಲ. ಹೂವಿನಲ್ಲಿ ಪರಾಗಕ್ಕೂ ಶಲಾಕಾಗ್ರಕ್ಕೂ ನಡುವೆ ತೆಳುಪೊರೆಯೊಂದು ಅಡ್ಡವಾಗಿದೆ. ಅದನ್ನು ದಾಟಿಸಬಲ್ಲ ತವರಿನ ಕೀಟಗಳು ಅಲ್ಲಿರಲಿಲ್ಲ. ಹೂವಾದರೋ ಒಂದೇ ದಿನ ಅರಳಿ ಬಾಡುವುದು.

1836ರಲ್ಲಿ ಬೆಲ್ಜಿಯಂನ ವಿದ್ವಾಂಸ ಷಾರ್ಲ್ ಮೋರೆನ್ ಕೈಯಿಂದಲೇ ಪರಾಗಸ್ಪರ್ಶ ಮಾಡಿ ಕಾಯಿ ಪಡೆದರು. ಆದರೆ ತೋಟಗಳಿಗೆ ಒಗ್ಗುವ ಸುಲಭೋಪಾಯವನ್ನು 1841ರಲ್ಲಿ ಕಂಡುಕೊಂಡವನು ರಿಯೂನಿಯನ್ ದ್ವೀಪದ ಹನ್ನೆರಡು ವರ್ಷದ ಗುಲಾಮ ಬಾಲಕ ಎಡ್ಮಂಡ್. ಕಡ್ಡಿಯಿಂದ ಪೊರೆಯನ್ನೆತ್ತಿ, ಹೆಬ್ಬೆರಳಿನಿಂದ ಪರಾಗವನ್ನೊತ್ತಿದನು, ಅಷ್ಟೆ. ಆ ವಿದ್ಯೆಯಿಂದ ತೋಟದೊಡೆಯರು ಸಂಪನ್ನರಾದರು. 1848ರಲ್ಲಿ ಬಿಡುಗಡೆ ಹೊಂದಿ ಎಡ್ಮಂಡ್ ಆಲ್ಬಿಯಸ್ ಎನಿಸಿದ ಆತನು 1880ರಲ್ಲಿ ಬಡತನದಲ್ಲಿಯೇ ತೀರಿಕೊಂಡನು.

ಈ ಶತಮಾನದ ಆರಂಭದಲ್ಲಿ ನಮ್ಮ ಕಾಸರಗೋಡಿನ ಅಡಕೆ ತೋಟಗಳಿಗೂ ಈ ಬಳ್ಳಿ ಬಂದಿತು. ಬೆಲೆ ಗಗನಕ್ಕೇರಿ ನೆಲಕ್ಕಿಳಿದುದನ್ನು ನಾವೆಲ್ಲರೂ ಬಲ್ಲೆವು. ಆ ಲಾಭನಷ್ಟ ಮುಗಿದ ಲೆಕ್ಕ. ಮುಂಜಾನೆ ಕಡ್ಡಿ ಹಿಡಿದು ಹೂ ಮುಟ್ಟಿದ ನಮ್ಮವರ ಬೆರಳುಗಳಿಗೆ ಆ ಬಾಲಕನೇ ಗುರು. ಆ ಋಣ ಮಾತ್ರ ಮುಗಿದುದಲ್ಲ. ಅವನ ಹೆಸರನ್ನು ನಮ್ಮ ಮಕ್ಕಳಿಗೂ ತಿಳಿಸೋಣ.