ಹೃದ್ರೋಗಿಗೆ ಕೈಕಾಲಿನ ಬಲವೂ ಬೇಕು

(ಅನಂತಪುರದ ಸರೋವರ ದೇವಾಲಯದ ದರ್ಶನಕ್ಕೆ ಹೋಗಿದ್ದ ನಮ್ಮ ಸದಸ್ಯರ ಕೂಟದಲ್ಲಿ ಆ ಭಾಗದ ವೈದ್ಯರೊಬ್ಬರು ಮಾಡಿದ ಭಾಷಣ)



ಬೆಳಿಗ್ಗೆ ತಾವೆಲ್ಲ ಮೆಟ್ಟಿಲಿಳಿದು, ಕೆರೆಯ ನಡುವಿನ ಅನಂತಪದ್ಮನಾಭನ ದರ್ಶನ ಮಾಡಿ ಬಂದಿರಿ. ಮರಳಿ ಹತ್ತುವಾಗ ಕೆಲವರು ನಡುವೆ ನಿಂತು ಉಸಿರು ಬಿಟ್ಟರು. "ನನಗೆ ಹಾರ್ಟಿನ ತೊಂದರೆ ಇದೆ ಡಾಕ್ಟ್ರೇ" ಎಂದರು ಒಬ್ಬರು. ಇರಬಹುದು. ಆದರೆ ಮೆಟ್ಟಿಲು ಹತ್ತುವಾಗ ಸೋಲುವುದು ಹೃದಯ ಮಾತ್ರವಲ್ಲ, ತೊಡೆಯ ಸ್ನಾಯುವೂ ಸೋಲುತ್ತದೆ.

ನಮ್ಮ ಮನೆಗಳ ರೀತಿ ತಮಗೆ ಗೊತ್ತಿದ್ದದ್ದೇ. ಯಜಮಾನರು ಎದೆನೋವಿನಿಂದ ಆಸ್ಪತ್ರೆ ಸೇರಿ ಮರಳಿದರೆಂದರೆ ಅಂದಿನಿಂದ ಅವರ ಸ್ಥಾನ ಜಗಲಿಯ ಮಂಚ. ನೀರಿನ ಚೊಂಬನ್ನೂ ಎತ್ತಗೊಡುವುದಿಲ್ಲ. ಪ್ರೀತಿಯಿಂದ ಮಾಡುವುದೇ ಸರಿ. ಆದರೆ ಕೆಲವು ತಿಂಗಳಲ್ಲಿ ತೊಡೆ ಸೊರಗಿ, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬರುತ್ತದೆ. ಹೃದಯ ಇನ್ನೂ ಕೆಟ್ಟಿತೆಂದು ಮನೆಯವರು ಮತ್ತಷ್ಟು ಮಲಗಿಸುತ್ತಾರೆ. ಹೊಲ ಗೇಣಿಗೆ ಹೋಗುತ್ತದೆ.

ಈ ಪಾಠವನ್ನು ಮೊದಲು ಕಲಿಸಿದವರು ವೈದ್ಯರೇ. ಹಿಂದೆ ಹೃದಯಾಘಾತವಾದವರನ್ನು ವಾರಗಟ್ಟಲೆ ಅಲುಗದಂತೆ ಮಲಗಿಸುತ್ತಿದ್ದರು. 1952ರಲ್ಲಿ ಅಮೆರಿಕದ ಲೆವೀನ್ ಮತ್ತು ಲೌನ್ ಅಂಥ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿದ್ದೇ ದೊಡ್ಡ ಧೈರ್ಯವೆನಿಸಿತ್ತು. 1966ರಲ್ಲಿ ಡಲ್ಲಾಸ್ ನಗರದಲ್ಲಿ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿರಿಸಿ ಅವರ ದೇಹಶಕ್ತಿ ಅಳೆದರು. 30 ವರ್ಷದ ಬಳಿಕ ಅವರನ್ನೇ ಮತ್ತೆ ಅಳೆದಾಗ, 30 ವರ್ಷದ ವಯಸ್ಸು ಕಸಿದದ್ದಕ್ಕಿಂತ ಆ ಮೂರು ವಾರದ ಮಂಚ ಕಸಿದದ್ದೇ ಹೆಚ್ಚೆಂದು ಕಂಡಿತು. ಗಟ್ಟಿಮುಟ್ಟಾದ ಯುವಕರ ಗತಿಯೇ ಹೀಗೆ!

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಸೇರಿದ 17 ದೇಶಗಳ ಅಧ್ಯಯನವೊಂದು ಸುಮಾರು 1 ಲಕ್ಷ 40 ಸಾವಿರ ಜನರ ಮುಷ್ಟಿಯ ಹಿಡಿತ ಅಳೆಯಿತು. 2015ರಲ್ಲಿ ಪ್ರಕಟವಾದ ಲೆಕ್ಕದಂತೆ, ಹಿಡಿತ 5 ಕಿಲೋ ಕಡಿಮೆಯಾದಂತೆ ಸಾವಿನ ಸಂಭವ ನೂರಕ್ಕೆ 16ರಷ್ಟು ಹೆಚ್ಚು. ಮುಷ್ಟಿ ಹಿಸುಕುತ್ತ ಕುಳಿತರೆ ಆಯುಸ್ಸು ಬೆಳೆಯುತ್ತದೆಂದು ಇದರರ್ಥವಲ್ಲ. ಹಿಡಿತವು ಮೈಯ ಒಟ್ಟು ಬಲದ ಗುರುತು.

ಕಾರಣ ತಮಗೆ ಸುಲಭವಾಗಿ ತಿಳಿಯುವಂಥದೇ. ಪಂಪಿನ ಶಕ್ತಿ ಕುಗ್ಗಿದ್ದರೂ ಕಾಲುವೆ ಸೋರದಿದ್ದರೆ ಇದ್ದ ನೀರಿನಲ್ಲೇ ಕಬ್ಬು ನೆನೆಯುತ್ತದೆ. ಪಳಗಿದ ಸ್ನಾಯು ಅಷ್ಟೇ ರಕ್ತದಿಂದ ಹೆಚ್ಚು ಆಮ್ಲಜನಕ ಹೀರಿಕೊಳ್ಳುತ್ತದೆ. ಅದೇ ಕೆಲಸಕ್ಕೆ ಹೃದಯ ಕಡಿಮೆ ಬಡಿದರೆ ಸಾಕು.

ಮಾಡುವುದೇನು? ವೈದ್ಯರ ಒಪ್ಪಿಗೆ ಪಡೆದು, ಮೊದಲು ಸಮತಟ್ಟಿನಲ್ಲಿ ಐದು ಹತ್ತು ನಿಮಿಷ ನಡೆಯಿರಿ. ನಡೆಯುತ್ತ ಮಾತನಾಡಲು ಆಗಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ. ಕೆಲವು ವಾರಗಳಲ್ಲಿ ಅರ್ಧ ಗಂಟೆಗೆ ಏರಿಸಿ. ವಾರಕ್ಕೆ ಎರಡು ಮೂರು ದಿನ ಕೈಯೂರದೆ ಕುರ್ಚಿಯಿಂದ ಏಳುವುದು ಕೂರುವುದು, ಒಂದೆರಡು ಕಿಲೋ ಭಾರ ಎತ್ತುವುದು. ಉಸಿರು ಬಿಗಿಹಿಡಿದು ಎತ್ತಬೇಡಿ, ರಕ್ತದೊತ್ತಡ ಥಟ್ಟನೆ ಏರುತ್ತದೆ. ಉಂಡ ಕೂಡಲೇ ಬೇಡ, ನೆತ್ತಿ ಸುಡುವ ಬಿಸಿಲಿನಲ್ಲೂ ಬೇಡ. ಎದೆ ಹಿಂಡಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ. ನೋವು ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಪಾದ ಊದಿದರೆ, ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ ವ್ಯಾಯಾಮ ಬಿಟ್ಟು ಮೊದಲು ವೈದ್ಯರನ್ನು ಕಾಣಿರಿ.

ಯೋಗ ಸಾಕೇ ಎಂದು ಕೇಳುವವರಿದ್ದಾರೆ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ ಸುಮಾರು ನಾಲ್ಕು ಸಾವಿರ ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಯೋಗ ಕಲಿತವರು ಹಿಂದಿನ ಕೆಲಸಕಾರ್ಯಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು. ಸಾವು ಕಡಿಮೆಯಾಯಿತೆಂದು ಮಾತ್ರ ಸಿದ್ಧವಾಗಲಿಲ್ಲ. ಗುಳಿಗೆ ಬಿಡಲು ಅದು ನೆಪವಾಗದಿರಲಿ.

ಹಂಗಾಮಿನಲ್ಲಿ ಕಬ್ಬು ಕಡಿಯಲು ಇಳಿಯಬಹುದೇ ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ಹೊರೆ ಎಷ್ಟು ತೂಕ, ಎಷ್ಟು ಹೊತ್ತಿನ ಕೆಲಸ ಎಂದು ವೈದ್ಯರಿಗೆ ಬಿಡಿಸಿ ಹೇಳಿ ಕೇಳಿರಿ. ಬೈಪಾಸ್ ಆದವರು ಎದೆಮೂಳೆ ಕೂಡುವವರೆಗೆ, ಅಂದರೆ ಸುಮಾರು ಮೂರು ತಿಂಗಳು, ಹೊರೆಗೆ ಕೈ ಹಚ್ಚುವಂತಿಲ್ಲ. ಆದರೆ ಬದುವಿನ ಮೇಲೆ ನಿಧಾನವಾಗಿ ನಡೆದು ನೀರು ಹಾಯುವುದನ್ನು ನೋಡಿ ಬರಲು ಅಷ್ಟು ದಿನ ಕಾಯಬೇಕಾಗಿಲ್ಲ.