ಮುಖದ ಉರಿ ಮತ್ತು ಟ್ಯೂಬಿನ ಮುಲಾಮು



ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಸುಗ್ಗಿಯಲ್ಲಿ ನಮಗೆ ಪುರುಸೊತ್ತಿಲ್ಲ. ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಲ್ಲುತ್ತೇವೆ. ಬಿಸಿಲಲ್ಲಿ ಅಡಿಕೆ ಹರಡುತ್ತೇವೆ. ಎಲ್ಲರ ಮುಖವೂ ಬಿಸಿಯಾಗಿ, ಆಮೇಲೆ ತಣಿಯುತ್ತದೆ. ಕೆಲವರಿಗೆ ಮಾತ್ರ ಕೆನ್ನೆ, ಮೂಗು ಕೆಂಪಾಗಿಯೇ ಉಳಿಯುತ್ತವೆ. ಉರಿಯುತ್ತದೆ. ಸಣ್ಣ ಗುಳ್ಳೆ ಏಳುತ್ತವೆ. ಇದಕ್ಕೆ ಡಾಕ್ಟರು ರೊಸೇಶಿಯಾ ಅನ್ನುತ್ತಾರೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಕೆಂಪು ಅಷ್ಟು ಕಾಣುವುದಿಲ್ಲ. ಉರಿಯೇ ಗುರುತು.

ಇದು ಅಂಟುರೋಗ ಅಲ್ಲ, ದೃಷ್ಟಿ ತಾಗಿದ್ದೂ ಅಲ್ಲ. ಪೂರ್ತಿ ಹೋಗದಿದ್ದರೂ ಹತೋಟಿಯಲ್ಲಿ ಇಡಬಹುದು.

ಆದರೆ ಯಾರೋ ಒಂದು ಟ್ಯೂಬಿನ ಹೆಸರು ಹೇಳ್ತಾರೆ. ಹಚ್ಚಿದ ವಾರಕ್ಕೇ ಮುಖ ಬೆಳ್ಳಗೆ, ನುಣ್ಣಗೆ! ಅದರಲ್ಲಿ ಸ್ಟೀರಾಯ್ಡ್ ಇದ್ದರೆ, ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ತೆಳುವಾಗುತ್ತದೆ. ಬಿಟ್ಟರೆ ಉರಿ ಹೆಚ್ಚುತ್ತದೆ. ಉರಿಗೆ ಹೆದರಿ ಮತ್ತೆ ಹಚ್ಚೋದು. ರೊಸೇಶಿಯಾ ಇಲ್ಲದವರ ಮುಖವೂ ಹೀಗೆ ಕೆಡುತ್ತದೆ. ಇಂಥ ಮುಲಾಮನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಆದರೂ ಕೇಳಿದರೆ ಕೊಡುವವರು ಇದ್ದಾರೆ.

ಟ್ಯೂಬಿನ ಮೇಲಿನ ಇಂಗ್ಲಿಷ್ ಅಕ್ಷರ ಮಕ್ಕಳಿಂದ ಓದಿಸಿ. ಬೆಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಅಂತ ಇದೆಯಾ? ಇವು ಸ್ಟೀರಾಯ್ಡ್. ಬಹಳ ದಿನ ಹಚ್ಚಿದ್ದರೆ ನೀವೇ ತಟ್ಟನೆ ನಿಲ್ಲಿಸಬೇಡಿ. ಟ್ಯೂಬು ಹಿಡಿದೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ.

ಬಿಸಿಲಿಗೆ ಸೆರಗು ಮುಂದೆ ಎಳೆದುಕೊಳ್ಳಿ. ಹಂಡೆಯ ಮುಂದೆ ಸರದಿ ಮೇಲೆ ನಿಲ್ಲಿ, ಗಂಡಸರೂ ನಿಲ್ಲಲಿ. ಕಾಫಿ ಆರಿಸಿ ಕುಡಿಯಿರಿ. ಕಣ್ಣು ಉರಿದರೆ ಅದನ್ನೂ ಡಾಕ್ಟರಿಗೆ ಹೇಳಿ.